ಬೇಲಿಯೂ ನೆರೆಹೊರೆಯೂ

ನಮ್ಮ ಹಳ್ಳಿಗಳಲ್ಲಿ ಹುಟ್ಟುವ ಕಲಹಗಳ ಮೂಲವನ್ನು ಹುಡುಕುತ್ತ ಹೋದರೆ, ಬಹುಮಟ್ಟಿಗೆ ಅದು ಯಾವುದಾದರೊಂದು ಬದುವಿನ ಮೇಲೆ ಹೋಗಿ ನಿಲ್ಲುತ್ತದೆ. ಒಬ್ಬನು ಉಳುವಾಗ ನೇಗಿಲನ್ನು ಒಂದು ಗೇಣು ಅತ್ತ ಸರಿಸಿದನು. ಇನ್ನೊಬ್ಬನು ಬಾಂದುಕಲ್ಲನ್ನು ಕಿತ್ತು ಹಳ್ಳಕ್ಕೆ ಎಸೆದನು. ಮತ್ತೊಬ್ಬನು ತಲೆಮಾರುಗಳಿಂದ ಬಂಡಿ ಓಡಾಡುತ್ತಿದ್ದ ದಾರಿಗೆ ಮುಳ್ಳು ಬಡಿದನು. ಇಷ್ಟರಿಂದ ಆರಂಭವಾದದ್ದು ಮಾತಿಗೆ ಮಾತು ಬೆಳೆದು, ಪಂಚಾಯಿತಿ ಕಟ್ಟೆಯನ್ನೂ ಪೊಲೀಸ್ ಠಾಣೆಯನ್ನೂ ಹಾದು, ಕೊನೆಗೆ ನ್ಯಾಯಾಲಯದ ಮೆಟ್ಟಿಲು ಏರುತ್ತದೆ. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಇಂತಹ ವ್ಯಾಜ್ಯಗಳನ್ನು ಕಣ್ಣಾರೆ ಕಂಡವರೇ ಆಗಿರಬೇಕು.

ಈ ವಿಷಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎತ್ತುವುದೇಕೆ ಎಂದು ಕೆಲವರು ಕೇಳಬಹುದು. ನಮ್ಮ ಸಹಪಾಠಿಗಳಲ್ಲಿ ಹೆಚ್ಚಿನವರು ರೈತರ ಮಕ್ಕಳು. ನಾವು ಫ್ರಾನ್ಸಿನ ಮಹಾಕ್ರಾಂತಿಯ ಕಾರಣಗಳನ್ನು ಬಾಯಿಪಾಠ ಒಪ್ಪಿಸಬಲ್ಲೆವು. ಆದರೆ ನಮ್ಮ ತಂದೆಯ ಹೆಸರಿನಲ್ಲಿರುವ ಪಹಣಿಯನ್ನು ಮುಂದಿಟ್ಟರೆ ಅದರ ಕಲಮುಗಳನ್ನು ಓದಿ ಹೇಳಲು ತಡವರಿಸುತ್ತೇವೆ. ಊರಿನಲ್ಲಿ ಬದುವಿನ ಜಗಳವೆದ್ದಾಗ ‘ನೀನು ಓದಿದವನಲ್ಲವೇ, ಹೇಳಪ್ಪ’ ಎಂದು ಹಿರಿಯರು ನಮ್ಮ ಕಡೆಗೆ ತಿರುಗುತ್ತಾರೆ. ಆಗ ಸುಮ್ಮನೆ ನಿಲ್ಲುವ ಪದವೀಧರನಿಂದ ಊರಿಗೆ ಏನು ಪ್ರಯೋಜನ?

ಹಿಂದಿನ ಕಾಲದಲ್ಲಿ ಇಂತಹ ಜಗಳಗಳೇ ಇರಲಿಲ್ಲ, ಜನರೆಲ್ಲರೂ ಹಾಲುಜೇನಿನಂತೆ ಇದ್ದರು ಎಂದು ನಂಬುವವರುಂಟು. ಈ ನಂಬಿಕೆಗೆ ಆಧಾರವಿಲ್ಲ. ನಮ್ಮ ಸ್ಮೃತಿಕಾರರು ವ್ಯವಹಾರದ ಪ್ರಕರಣಗಳಲ್ಲಿ ‘ಸೀಮಾವಿವಾದ’ವೆಂದು ಒಂದು ಭಾಗವನ್ನೇ ಬೇರೆಯಾಗಿ ಇಟ್ಟಿರುವರು. ಜಗಳವಿಲ್ಲದೆ ಅದರ ಪರಿಹಾರಕ್ಕೆ ಶಾಸ್ತ್ರ ಹುಟ್ಟುವುದಿಲ್ಲ. ಎಲ್ಲೆಯ ಗುರುತಿಗಾಗಿ ಬಹುಕಾಲ ಬಾಳುವ ಮರಗಳನ್ನು ನೆಡಬೇಕೆಂದೂ, ಅದರ ಮೇಲೆ ಇದ್ದಿಲು, ಹೊಟ್ಟು, ಬೂದಿ, ಮೂಳೆ, ಬೋಕಿ ಮುಂತಾಗಿ ಮಣ್ಣಿನಲ್ಲಿ ಬೇಗ ಕರಗದ ವಸ್ತುಗಳನ್ನು ಗುಟ್ಟಾಗಿ ಹೂಳಿಡಬೇಕೆಂದೂ ಮನುಸ್ಮೃತಿ ಹೇಳುತ್ತದೆ. ಮೇಲಿನ ಗುರುತನ್ನು ಅಳಿಸಿದವನಿಗೂ ನೆಲದೊಳಗಿನ ಗುರುತು ತಿಳಿಯದು ಎಂಬುದೇ ಇದರ ಯುಕ್ತಿ. ಎಲ್ಲೆಯ ಗುರುತುಗಳು ಚೆನ್ನಾಗಿ ಕಾಣುವ ಜ್ಯೇಷ್ಠ ಮಾಸದಲ್ಲಿ ಈ ವಿವಾದವನ್ನು ತೀರ್ಮಾನಿಸಬೇಕೆಂದೂ ಅಲ್ಲಿಯೇ ಹೇಳಿದೆ.

ಯಾಜ್ಞವಲ್ಕ್ಯ ಸ್ಮೃತಿಯ ಮಾತು ಇನ್ನೂ ಸ್ವಾರಸ್ಯವಾದುದು. ಎಲ್ಲೆಯನ್ನು ಗೊತ್ತುಮಾಡಲು ಅಕ್ಕಪಕ್ಕದ ಹೊಲದವರು, ವೃದ್ಧರು, ದನಕಾಯುವವರು, ಗಡಿಯ ಹತ್ತಿರ ಉಳುವವರು, ಕಾಡಿನಲ್ಲಿ ತಿರುಗಾಡುವವರು ಬರಬೇಕೆಂದು ಅದು ವಿಧಿಸುತ್ತದೆ. ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ನೆರೆಯವರು ಕೆಂಪು ಹೂಮಾಲೆ ಹಾಕಿಕೊಂಡು, ಕೆಂಪು ಬಟ್ಟೆಯುಟ್ಟು, ಮಣ್ಣನ್ನು ಹೊತ್ತು ಎಲ್ಲೆಯುದ್ದಕ್ಕೂ ನಡೆದು ತೋರಿಸಬೇಕು. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ನಮ್ಮ ನಾಡಿನಲ್ಲಿಯೇ ಬರೆದ ಈ ಗ್ರಂಥವು ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ದಾಯಭಾಗದ ಪ್ರಮಾಣಗ್ರಂಥವಾಯಿತು. ಸ್ಮೃತಿಗಳಲ್ಲಿರುವುದನ್ನೆಲ್ಲ ಇಂದು ಒಪ್ಪಬೇಕೆಂದು ನಾನು ಹೇಳಲಾರೆ. ಒಪ್ಪಬಾರದ ಸಂಗತಿಗಳು ಅಲ್ಲಿ ಬಹಳವಿವೆ. ಆದರೆ ಎಲ್ಲೆಯ ನಿಜವನ್ನು ಬಲ್ಲವನು ನೆರೆಯವನೇ ಎಂಬ ಅನುಭವದ ಮಾತು ಹಳೆಯದಾಗಿಲ್ಲ.

ನಮ್ಮ ಶಾಸನಗಳನ್ನು ನೋಡಿದರೂ ಇದೇ ಎಚ್ಚರ ಕಾಣುತ್ತದೆ. ದಾನಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಮೂಡಲಲ್ಲಿ ಯಾವ ಗುಂಡು, ತೆಂಕಲಲ್ಲಿ ಯಾವ ಮರ, ಪಡುವಲಲ್ಲಿ ಯಾವ ಹಳ್ಳ, ಬಡಗಲಲ್ಲಿ ಯಾವ ಹುತ್ತ ಎಂದು ಶಾಸನಕಾರನು ಒಂದೊಂದನ್ನೂ ಬಿಡದೆ ಬರೆಸುತ್ತಾನೆ. ವೈಷ್ಣವರಿಗೆ ಬಿಟ್ಟ ಭೂಮಿಯ ಎಲ್ಲೆಯಲ್ಲಿ ವಾಮನಮುದ್ರೆಯ ಕಲ್ಲು, ಶೈವರಿಗೆ ಬಿಟ್ಟಲ್ಲಿ ಲಿಂಗಮುದ್ರೆಯ ಕಲ್ಲು, ಜೈನ ಬಸದಿಗೆ ಬಿಟ್ಟಲ್ಲಿ ಮುಕ್ಕೊಡೆಯ ಕಲ್ಲು. ಇಂತಹವು ಇಂದಿಗೂ ನಮ್ಮ ಹೊಲಗಳಲ್ಲಿ ಸಿಕ್ಕುತ್ತವೆ. ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವನ್ನೂ ಕೊನೆಯಲ್ಲಿ ಸೇರಿಸುತ್ತಿದ್ದರು. ಅಷ್ಟು ದೊಡ್ಡ ಶಾಪ ಬೇಕಾಯಿತೆಂದರೆ ಒತ್ತುವರಿಯ ಆಸೆ ಎಷ್ಟು ಪ್ರಬಲವಾಗಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಶಾಪದ ಸ್ಥಾನಕ್ಕೆ ಸರಪಣಿ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಮೈಸೂರು ಸೀಮೆಯಲ್ಲಿ ಕಂದಾಯ ಮೋಜಣಿ 1863ರಲ್ಲಿ ಆರಂಭವಾಯಿತು. ಮೂವತ್ತಮೂರು ಅಡಿಯ ಸರಪಣಿ, ಅದಕ್ಕೆ ಹದಿನಾರು ಆಣೆ. ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಪ್ರತಿ ಹೊಲಕ್ಕೂ ಸರ್ವೆ ನಂಬರು, ಮೂಲೆಗಳಲ್ಲಿ ಬಾಂದುಕಲ್ಲು, ಅಳತೆಗೆ ಟಿಪ್ಪಣಿ, ವಿಸ್ತೀರ್ಣಕ್ಕೂ ಕಂದಾಯಕ್ಕೂ ಆಕಾರಬಂದು, ಊರಿಗೆಲ್ಲ ಒಂದು ನಕ್ಷೆ. ಇವುಗಳ ಕೀಲಿಕೈ ಬಹುಕಾಲ ಶಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. 1964ರ ಭೂಕಂದಾಯ ಕಾಯಿದೆಯು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿದ್ದ ಬೇರೆ ಬೇರೆ ಪದ್ಧತಿಗಳನ್ನು ಒಂದುಗೂಡಿಸಿತು. ಈಗಿನ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಇಷ್ಟೆಲ್ಲ ಆದ ಮೇಲೂ ಬದುವಿನ ಜಗಳ ನಿಂತಿಲ್ಲ. ಕಾರಣವೇನು?

ಮೊದಲನೆಯ ಕಾರಣ, ಬದುಗಳೇ ಹೆಚ್ಚಾಗಿವೆ. 1970–71ರ ಕೃಷಿ ಗಣತಿಯಲ್ಲಿ ನಮ್ಮ ರಾಜ್ಯದ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 3.20 ಹೆಕ್ಟೇರ್ ಇತ್ತು. 2015–16ರ ಗಣತಿಯ ಹೊತ್ತಿಗೆ ಅದು 1.36 ಹೆಕ್ಟೇರಿಗೆ ಇಳಿಯಿತು. ಇದರ ಅರ್ಥವನ್ನು ಲೆಕ್ಕದಿಂದ ನೋಡೋಣ. ನಾಲ್ಕು ಎಕರೆಯ ಚೌಕವಾದ ಹೊಲದ ಒಂದು ಮಗ್ಗುಲು ಸುಮಾರು 417 ಅಡಿ. ನಾಲ್ಕು ಮಂದಿ ಅಣ್ಣತಮ್ಮಂದಿರು ಅದನ್ನು ಹಂಚಿಕೊಳ್ಳುವಾಗ, ಎಲ್ಲರಿಗೂ ದಾರಿಯ ಕಡೆಗೆ ಮುಖ ಸಿಗಲೆಂದು ಉದ್ದುದ್ದ ಪಟ್ಟಿಗಳಾಗಿ ಸೀಳುವುದೇ ವಾಡಿಕೆ. ಆಗ ಹೊಸದಾಗಿ ಮೂರು ಬದುಗಳು ಹುಟ್ಟುತ್ತವೆ. ಅವುಗಳ ಒಟ್ಟು ಉದ್ದ 1,250 ಅಡಿಗೆ ಮಿಕ್ಕಿ. ಬದು ಮೂರಡಿ ಅಗಲವಿದ್ದರೆ ಸುಮಾರು ಮೂರೂವರೆ ಗುಂಟೆ ನೆಲ ಬದುವಿಗೇ ಹೋಯಿತು. ನಿನ್ನೆಯವರೆಗೆ ಒಂದು ಮನೆಯ ಹೊಲವಾಗಿದ್ದಲ್ಲಿ ಇಂದು ಜಗಳಕ್ಕೆ 1,250 ಅಡಿಯ ಜಾಗ ಸಿದ್ಧವಾಯಿತು. ದಾಯಾದಿಗಳಲ್ಲಿಯೇ ಬದುವಿನ ಜಗಳ ಹೆಚ್ಚೆಂಬುದಕ್ಕೆ ಕಾರಣ ಅವರ ಮನಸ್ಸಿನ ಕೆಡುಕಷ್ಟೇ ಅಲ್ಲ, ಈ ಭೂಮಿತಿಯೂ ಹೌದು.

ಈಗ ಜಗಳದ ವಸ್ತುವಿನ ಬೆಲೆಯನ್ನು ಕಟ್ಟೋಣ. ಇದೇ ಹೊಲದ ಒಂದು ಬದುವನ್ನು ನೆರೆಯವನು ಉದ್ದಕ್ಕೂ ಒಂದಡಿ ಒತ್ತಿದನೆಂದು ಇಟ್ಟುಕೊಳ್ಳಿ. ಹೋದ ನೆಲ 417 ಚದರಡಿ. ಅರ್ಧ ಗುಂಟೆಗೂ ಕಡಿಮೆ, ಎಕರೆಯ ನೂರನೆಯ ಒಂದು ಭಾಗವೂ ಅಲ್ಲ. ಎಕರೆಗೆ ಹತ್ತು ಕ್ವಿಂಟಾಲು ರಾಗಿ ಬೆಳೆಯುವ ಹೊಲದಲ್ಲಿ ಅಷ್ಟು ನೆಲದ ಬೆಳೆ ವರ್ಷಕ್ಕೆ ಒಂಬತ್ತೂವರೆ ಕಿಲೋ ರಾಗಿ. ಈ ರಾಗಿಗಾಗಿ ಒಬ್ಬನು ತಾಲ್ಲೂಕು ಕೇಂದ್ರಕ್ಕೆ ಎಷ್ಟು ಸಲ ಬಸ್ಸು ಹತ್ತುವನು, ವಕೀಲರಿಗೆ ಎಷ್ಟು ಕೊಡುವನು, ಎಷ್ಟು ದಿನದ ಕೂಲಿ ಕಳೆದುಕೊಳ್ಳುವನು ಎಂಬುದನ್ನು ನಾನು ಬರೆಯಬೇಕಾದುದಿಲ್ಲ. ತಂದೆ ಹೂಡಿದ ದಾವೆಯನ್ನು ಮಗ ನಡೆಸುತ್ತಿರುವ ಮನೆಗಳು ನಮ್ಮೆಲ್ಲರ ಊರುಗಳಲ್ಲಿಯೂ ಇವೆ.

ಹಾಗಾದರೆ ಒಂದಡಿ ಹೋದರೆ ಹೋಗಲಿ ಎಂದು ಸುಮ್ಮನಿರಬೇಕೇ? ಈ ಉಪದೇಶವನ್ನು ಮಾಡುವವರು ಸಾಮಾನ್ಯವಾಗಿ ಒತ್ತಿದವರ ಕಡೆಯವರಾಗಿರುತ್ತಾರೆ. ಈ ವರ್ಷ ಒಂದಡಿ ಬಿಟ್ಟವನಿಂದ ಮುಂದಿನ ವರ್ಷ ಎರಡಡಿ ಕೇಳದೆ ಇರುವರೇ? ಒತ್ತುವರಿಯ ಬಾಯಿಗೆ ಮೊದಲು ಬೀಳುವವರು ಗಂಡನನ್ನು ಕಳೆದುಕೊಂಡು ಒಬ್ಬಳೇ ಆರಂಭ ಮಾಡಿಸುವ ಹೆಂಗಸು, ಪಟ್ಟಣದಲ್ಲಿ ಕೂಲಿಗೆ ಹೋಗಿರುವವನು, ಸರ್ಕಾರದಿಂದ ಎರಡು ಎಕರೆ ಮಂಜೂರಾದ ದಲಿತ ಕುಟುಂಬದವರು. ದರಖಾಸ್ತಿನಲ್ಲಿ ಒಂದೇ ಸರ್ವೆ ನಂಬರಿನೊಳಗೆ ಹತ್ತಾರು ಮಂದಿಗೆ ಭೂಮಿ ಕೊಟ್ಟು, ಯಾರಿಗೆ ಯಾವ ಭಾಗವೆಂದು ಅಳೆದು ಪೋಡಿ ಮಾಡದೆ ಬಿಟ್ಟಿರುವ ಊರುಗಳು ಬಹಳವಿವೆ. ಅಲ್ಲಿ ಕಾಗದದಲ್ಲಿ ಎರಡು ಎಕರೆ ಇದ್ದವನಿಗೆ ನೆಲದ ಮೇಲೆ ತೋರಿಸಲು ಒಂದು ಕಲ್ಲೂ ಇರುವುದಿಲ್ಲ. ಮಂಜೂರಾದ ಜಮೀನು ಪರಿಶಿಷ್ಟರ ಕೈತಪ್ಪದಿರಲೆಂದು 1978ರಲ್ಲಿ ಪರಭಾರೆಯನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಬೇಕಾಯಿತು. ಆದರೆ ಕ್ರಯಪತ್ರವಿಲ್ಲದೆ ನೇಗಿಲ ಮೊನೆಯಿಂದಲೇ ನಡೆಯುವ ಪರಭಾರೆಯನ್ನು ತಡೆಯುವುದು ಅಳೆದು ನೆಟ್ಟ ಕಲ್ಲೊಂದೇ. ನೆರೆಹೊರೆಯ ಸೌಹಾರ್ದವೆಂಬ ಹೆಸರಿನಲ್ಲಿ ಬಡವನನ್ನು ಬಾಯಿಮುಚ್ಚಿಸುವುದು ಸೌಹಾರ್ದವಾಗಲಾರದು. ನನ್ನ ಅಭಿಪ್ರಾಯದಲ್ಲಿ ನೆಮ್ಮದಿಯ ನೆರೆಗೆ ಮೊದಲ ಅಗತ್ಯ ಖಚಿತವಾದ ಅಳತೆ. ಮಿಕ್ಕ ಗುಣಗಳೆಲ್ಲ ಅದರ ಮೇಲೆ ಕಟ್ಟಬೇಕಾದವು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಪಹಣಿಯಲ್ಲಿ ಒಡೆಯನ ಹೆಸರು, ವಿಸ್ತೀರ್ಣ, ಖರಾಬು, ಕಂದಾಯ, ಸಾಲದ ಭಾರ ಇವೆಲ್ಲ ಇರುತ್ತವೆ. ಎಲ್ಲೆ ಎಲ್ಲಿದೆಯೆಂಬುದು ಇರುವುದಿಲ್ಲ. ಅದರ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸತಕ್ಕದ್ದೆಂದು ಕಾನೂನು ಹೇಳುವುದು ನಿಜ. ಆದರೆ ಎಲ್ಲೆಗೆ ನಕ್ಷೆಯನ್ನೂ ಟಿಪ್ಪಣಿಯನ್ನೂ ನೋಡಬೇಕು. ಸಂದೇಹವಿರುವವನು ಹದ್ದುಬಸ್ತಿಗೆ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಭೂಮಾಪಕರು ಸುತ್ತಲಿನ ಹಿಡುವಳಿದಾರರಿಗೆ ನೋಟೀಸು ಕೊಟ್ಟು ಬಂದು ಅಳೆದು ಗುರುತಿಸುತ್ತಾರೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಾದರೆ 11–ಇ ನಕ್ಷೆ ಮೊದಲೇ ಆಗಬೇಕು. ಈಚೆಗೆ ಮೊಬೈಲಿನಲ್ಲಿ ‘ದಿಶಾಂಕ್’ ತೆರೆದು ನಿಂತಲ್ಲಿಯೇ ಸರ್ವೆ ನಂಬರು ನೋಡಿಕೊಳ್ಳಬಹುದು. ಆದರೆ ಅದು ಯಾವ ನಂಬರಿನಲ್ಲಿ ನಿಂತಿದ್ದೇವೆಂದು ತಿಳಿಯುವುದಕ್ಕೆ ಮಾತ್ರ. ಅದನ್ನು ಹಿಡಿದು ಒಂದಡಿಯ ಜಗಳ ತೀರಿಸಲು ಹೊರಟವನು ಹೊಸ ಜಗಳವನ್ನೇ ತರುವನು. ಅಳೆದ ಮೇಲೆ ಬೇಲಿ ಹಾಕುವುದು ಕ್ರಮ. ಬೇಲಿ ಹಾಕಿದ ಮೇಲೆ ಅಳೆಸಲು ಹೊರಡುವುದು ನಮ್ಮಲ್ಲಿ ರೂಢಿಯಾಗಿಹೋಗಿದೆ.

ಅಳತೆಯ ಮೇಲೂ ನೆರೆಯವನು ಒಪ್ಪದಿದ್ದರೆ? ಕಲ್ಲನ್ನು ತಾನೇ ಕೀಳುವ, ಬೇಲಿಯನ್ನು ರಾತ್ರಿ ಕಡಿಯುವ ಕೆಲಸಕ್ಕೆ ಇಳಿಯಬಾರದು. ಸರ್ಕಾರಿ ಅಧಿಕಾರಿ ನೆಡಿಸಿದ ಗುರುತನ್ನು ನಾಶಮಾಡುವುದು 1860ರ ದಂಡಸಂಹಿತೆಯಲ್ಲಿಯೂ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಪರಾಧವೇ. ತನ್ನ ಸ್ವಾಧೀನದಲ್ಲಿದ್ದ ನೆಲದಿಂದ ಬಲಾತ್ಕಾರವಾಗಿ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿದರೆ, ಒಡೆತನದ ಪ್ರಶ್ನೆಯನ್ನು ಎತ್ತದೆ ಸ್ವಾಧೀನವನ್ನು ಮರಳಿ ಪಡೆಯುವ ಮಾರ್ಗವನ್ನು 1963ರ ನಿರ್ದಿಷ್ಟ ಪರಿಹಾರ ಕಾಯಿದೆ ಕೊಟ್ಟಿದೆ. ಹನ್ನೆರಡು ವರ್ಷ ಕೈಕಟ್ಟಿ ಕುಳಿತರೆ ಮಾತ್ರ ಎದುರಾಳಿಯ ಪ್ರತಿಕೂಲ ಸ್ವಾಧೀನ ಗಟ್ಟಿಯಾಗುವ ಅಪಾಯವುಂಟು.

ಈ ‘ಪ್ರತಿಕೂಲ’ ಎಂಬ ಮಾತನ್ನು ಗಮನಿಸಬೇಕು. ನಮ್ಮ ರೈತರಲ್ಲಿ ಬೇರೂರಿರುವ ಭಯವೊಂದಿದೆ: ಇಂದು ದಾಕ್ಷಿಣ್ಯಕ್ಕೆ ಬಿಟ್ಟರೆ ನಾಳೆ ಅದೇ ಅವನ ಹಕ್ಕಾಗುತ್ತದೆ. ಈ ಭಯದಿಂದಲೇ ಒಳ್ಳೆಯವರೂ ಕೈ ಬಿಗಿಹಿಡಿಯುತ್ತಾರೆ. ಪಕ್ಕದ ಹೊಲದ ಕೊಯ್ಲಿನ ಗಾಡಿಯನ್ನೂ ಹೋಗಗೊಡುವುದಿಲ್ಲ. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಒಡೆಯನ ಅಪ್ಪಣೆ ಪಡೆದು ಅನುಭವಿಸುವವನಿಗೆ ಅಪ್ಪಣೆ ಇರುವವರೆಗೆ ಪ್ರತಿಕೂಲ ಸ್ವಾಧೀನ ಹುಟ್ಟುವುದಿಲ್ಲ. 1882ರ ಅನುಭೋಗದ ಹಕ್ಕುಗಳ ಕಾಯಿದೆಯೂ ಹೀಗೆಯೇ: ದಾರಿಯನ್ನು ಬಹಿರಂಗವಾಗಿ, ಶಾಂತಿಯಿಂದ, ತನ್ನ ಹಕ್ಕೆಂದು, ಎಡೆಬಿಡದೆ ಇಪ್ಪತ್ತು ವರ್ಷ ಬಳಸಿದವನಿಗೆ ಹಕ್ಕು ಬರುತ್ತದೆ, ಕೇಳಿಕೊಂಡು ನಡೆದವನಿಗೆ ಬರುವುದಿಲ್ಲ. ಆದುದರಿಂದ ಉಪಕಾರ ಮಾಡುವವನು ಅಂಜಬೇಕಾಗಿಲ್ಲ. ಬಾಯಿಬಿಟ್ಟು ಹೇಳಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿದರೆ ಸಾಕು. ಕೊಟ್ಟವನ ನೆಲವೂ ಉಳಿಯಿತು, ಪಡೆದವನ ಕೆಲಸವೂ ಆಯಿತು. ಬರೆಸಿಕೊಳ್ಳುವುದನ್ನು ನಮ್ಮ ಜನ ಅಪನಂಬಿಕೆಯೆಂದು ಬಗೆಯುತ್ತಾರೆ. ವಾಸ್ತವವಾಗಿ ಬರವಣಿಗೆಯಿದ್ದಲ್ಲಿ ಉದಾರವಾಗಿರುವುದು ಸುಲಭ.

ದಾರಿಯ ಪ್ರಶ್ನೆ ಬದುವಿಗಿಂತಲೂ ಕಠಿಣವಾದುದು. ಬದು ಒತ್ತಿದರೆ ಒಂದಡಿ ಹೋಯಿತು. ದಾರಿ ಮುಚ್ಚಿದರೆ ಇಡೀ ಹೊಲವೇ ಹೋದಂತೆ. ನಾನು ಬಲ್ಲ ಒಂದು ಊರಿನಲ್ಲಿ ದಾರಿಗೆ ತಂತಿ ಬಿಗಿದದ್ದರಿಂದ, ವಯಸ್ಸಾದ ಅಜ್ಜಿಯೊಬ್ಬರು ಎರಡು ಸುಗ್ಗಿಗಳ ರಾಗಿ ಹೊರೆಯನ್ನು ತಲೆಯ ಮೇಲೆ ಹೊತ್ತು ಕೆರೆಯ ಏರಿಯನ್ನು ಬಳಸಿ ಕಣಕ್ಕೆ ಸಾಗಿಸಿದರು. ಮೂರನೆಯ ವರ್ಷ ಹೊಲವನ್ನು ಬೀಳುಬಿಟ್ಟರು. ಆ ಹೊಲವನ್ನು ಈಗ ಅಗ್ಗದ ಬೆಲೆಗೆ ಕೇಳುತ್ತಿರುವವನು ತಂತಿ ಬಿಗಿದವನೇ ಎಂದರೆ ವಾಚಕರು ಆಶ್ಚರ್ಯಪಡಲಾರರು. ಇಂತಹದರಲ್ಲಿ ಮೊದಲು ನೋಡಬೇಕಾದುದು ಗ್ರಾಮನಕ್ಷೆಯನ್ನು. ನಕ್ಷೆಯಲ್ಲಿ ಬಂಡಿದಾರಿಯೋ ಕಾಲುದಾರಿಯೋ ಗುರುತಾಗಿದ್ದರೆ, ಅಥವಾ ಆ ನೆಲ ಸಾರ್ವಜನಿಕ ಉಪಯೋಗಕ್ಕಾಗಿ ಬಿಟ್ಟ ‘ಬಿ’ ಖರಾಬು ಆಗಿದ್ದರೆ, ಅದನ್ನು ಮುಚ್ಚಲು ಯಾರಿಗೂ ಅಧಿಕಾರವಿಲ್ಲ. ತಹಸೀಲ್ದಾರರಿಗೆ ಅರ್ಜಿ ಕೊಡಬಹುದು. ನಕ್ಷೆಯಲ್ಲಿಲ್ಲದ ವಾಡಿಕೆಯ ದಾರಿಯಾದರೆ ಇಪ್ಪತ್ತು ವರ್ಷಗಳ ಬಳಕೆಯನ್ನು ಸಿವಿಲ್ ನ್ಯಾಯಾಲಯದಲ್ಲಿ ಸ್ಥಾಪಿಸಬೇಕು. ಒಂದೇ ಹೊಲವಾಗಿದ್ದುದನ್ನು ಭಾಗಮಾಡಿದುದರಿಂದ ಹಿಂದಿನ ಪಾಲಿಗೆ ಬೇರೆ ದಾರಿಯೇ ಇಲ್ಲದಂತಾದರೆ, ಅಗತ್ಯದ ಮೇಲಿನ ಹಕ್ಕೆಂದು ಮುಂದಿನ ಪಾಲಿನಲ್ಲಿ ದಾರಿ ಕೇಳಲು ಅದೇ 1882ರ ಕಾಯಿದೆ ಅವಕಾಶ ಕೊಡುತ್ತದೆ. ಆದರೆ ಪಾಲುಪತ್ರ ಬರೆಯುವ ದಿನವೇ ಎಂಟು ಹತ್ತು ಅಡಿ ದಾರಿಯನ್ನು ಎಲ್ಲರ ಪಾಲಿನಿಂದಲೂ ಬಿಟ್ಟು ನಮೂದಿಸಿದರೆ ಇಷ್ಟು ಕಾಯಿದೆ ಓದುವ ಕಷ್ಟವೇ ಇರುವುದಿಲ್ಲ. ಪಾಲುಪತ್ರದಲ್ಲಿ ಪಾತ್ರೆಪಡಗಗಳನ್ನು ಹೆಸರುಹೆಸರಾಗಿ ಬರೆಸುವ ನಾವು ದಾರಿಯನ್ನು ಮರೆಯುತ್ತೇವೆ. ಇದರ ಜೊತೆಗೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲಿಯೂ, ಇಡೀ ದೇಶಕ್ಕಾಗಿ ಸಂಸತ್ತು 2005ರಲ್ಲಿಯೂ ವಿಧಿಸಿವೆ. ಅಕ್ಕತಂಗಿಯರ ಪಾಲಿಗೆ ದಾರಿಯಿಲ್ಲದ ಮೂಲೆಯನ್ನು ತೋರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ.

ದನಗಳ ವಿಷಯಕ್ಕೆ ಬರೋಣ. ದನಕ್ಕೆ ಸರ್ವೆ ನಂಬರು ತಿಳಿಯದು. ಬೇರೆಯವರ ದನ ಬಂದು ಪೈರು ತಿಂದರೆ ಅದನ್ನು ಹಿಡಿದು ಇಪ್ಪತ್ತನಾಲ್ಕು ಗಂಟೆಯೊಳಗೆ ದೊಡ್ಡಿಗೆ ಕಳಿಸಬಹುದೆಂದು 1871ರ ಕಾಯಿದೆ ವಿಧಿಸಿತ್ತು. 1966ರಲ್ಲಿ ನಮ್ಮ ರಾಜ್ಯವು ಈ ಬಗೆಗೆ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ದನವನ್ನು ಹೊಡೆದು ಕಾಲು ಮುರಿಯಲು, ವಿಷವಿಡಲು ಯಾವ ಕಾಯಿದೆಯೂ ಹೇಳಿಲ್ಲ. ದನ ನುಗ್ಗುವುದು ಹೆಚ್ಚಾದುದಕ್ಕೆ ಇನ್ನೊಂದು ಕಾರಣವನ್ನೂ ನೋಡಬೇಕು. ಊರ ಗೋಮಾಳಗಳು ಒತ್ತುವರಿಯಾಗಿ ಮೇವಿನ ಜಾಗವೇ ಇಲ್ಲದಾಗಿದೆ. ಗೋಮಾಳಕ್ಕೆ ಬೇಲಿ ಹಾಕಿಕೊಂಡವನೇ ತನ್ನ ಹೊಲಕ್ಕೆ ದನ ಬಂದಿತೆಂದು ದೂರುವುದನ್ನು ನೋಡಿದರೆ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಗೆ ಹೊಸ ಅರ್ಥ ಬಂದಿತೆನ್ನಬೇಕು.

ಇನ್ನು ಬೇಲಿ. ನಮ್ಮ ಹಿರಿಯರ ಬೇಲಿ ಬದುಕಿದ ಬೇಲಿ. ಬಯಲುಸೀಮೆಯಲ್ಲಿ ಕಳ್ಳಿ, ಕತ್ತಾಳೆ, ಲಕ್ಕಿ, ಹೊಂಗೆ. ಮಲೆನಾಡಿನ ತೋಟಗಳಿಗೆ ಅಗಳು, ಬಿದಿರಿನ ಉಣುಗೋಲು, ಆಳು ಮಾತ್ರ ಹತ್ತಿ ದಾಟುವಂತಹ ತಡಬೆ. ಕರಾವಳಿಯಲ್ಲಿ ಕೆಂಪು ಕಲ್ಲಿನ ಪಾಗಾರ. ಈ ಉಣುಗೋಲು, ತಡಬೆಗಳಲ್ಲಿ ಒಂದು ದೊಡ್ಡ ವಿವೇಕವಿದೆ: ಅವು ದನವನ್ನು ತಡೆದು ಮನುಷ್ಯನನ್ನು ಬಿಡುತ್ತವೆ. ಹೊಂಗೆ ಗೊಬ್ಬರಕ್ಕೆ ಸೊಪ್ಪನ್ನೂ ದೀಪಕ್ಕೆ ಎಣ್ಣೆಯನ್ನೂ ಕೊಟ್ಟಿತು, ಕತ್ತಾಳೆ ಹಗ್ಗಕ್ಕೆ ನಾರು ಕೊಟ್ಟಿತು, ಬೇಲಿಯ ಬುಡದ ಮಣ್ಣು ಮಳೆಗೆ ಕೊಚ್ಚಿಹೋಗಲಿಲ್ಲ, ಹಕ್ಕಿಗಳಿಗೆ ಗೂಡಾಯಿತು. ಅಮೆರಿಕದಲ್ಲಿ ಗ್ಲಿಡನ್ ಎಂಬವನು 1874ರಲ್ಲಿ ಹಕ್ಕುಪತ್ರ ಪಡೆದ ಮುಳ್ಳುತಂತಿ ಇಂದು ನಮ್ಮ ಹಳ್ಳಿಗೂ ಬಂದಿದೆ. ತಂತಿ ಒಂದೇ ದಿನದಲ್ಲಿ ನಿಲ್ಲುತ್ತದೆ, ಜಾಗ ತಿನ್ನುವುದಿಲ್ಲ, ನಿಜ; ಆದರೆ ದುಡ್ಡು ತಿನ್ನುತ್ತದೆ, ಸೊಪ್ಪು ಕೊಡುವುದಿಲ್ಲ. ತೋಟದ ಬೆಲೆಬಾಳುವ ಬೆಳೆಗೆ ತಂತಿ ಬೇಕಾದೀತು. ರಾಗಿ ಜೋಳದ ಹೊಲಕ್ಕೆ ಬದುಕಿದ ಬೇಲಿಯೇ ಲೇಸೆಂದು ನನ್ನ ಅಭಿಪ್ರಾಯ.

ತಂತಿಯ ವಿಚಾರದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಾಡಂಚಿನ ಊರುಗಳಲ್ಲಿ ಆನೆ ಹಂದಿಗಳ ಕಾಟ ಸಹಿಸಲಾರದ್ದು, ಒಪ್ಪೋಣ. ಆದರೆ ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಅಪರಾಧ. ಸೌರಬೇಲಿಯು ಕ್ಷಣಕ್ಷಣಕ್ಕೆ ಸಣ್ಣ ಮಿಡಿತವನ್ನು ಕೊಟ್ಟು ಬೆದರಿಸುತ್ತದೆ. ನೇರ ವಿದ್ಯುತ್ತು ಕೊಲ್ಲುತ್ತದೆ. ಹೀಗೆ ಆನೆಗಳು ಸತ್ತಿವೆ. ಮುಂಜಾವದಲ್ಲಿ ನೀರು ಕಟ್ಟಲು ಹೋದ ರೈತರೂ ಸತ್ತಿದ್ದಾರೆ. ಪೈರು ಉಳಿಸಲು ನೆರೆಯವನ ಮಗನ ಪ್ರಾಣವನ್ನು ಪಣವಿಡುವ ಬೇಲಿಯನ್ನು ಊರು ಸಹಿಸಬಾರದು.

ಮರಗಳ ಜಗಳಕ್ಕೂ ಒಂದು ಮಾತು. ಬದುವಿನ ತೀರ ಅಂಚಿಗೆ ನೀಲಗಿರಿಯನ್ನೋ ಸಿಲ್ವರ್ ಓಕನ್ನೋ ಸಾಲಾಗಿ ನೆಟ್ಟರೆ ನೆರಳೂ ಬೇರೂ ಪಕ್ಕದವನ ಪೈರನ್ನು ಸೊರಗಿಸುತ್ತವೆ. ನೆಡುವವನು ಕೆಲವು ಅಡಿ ಒಳಗೆ ಸರಿದು ನೆಟ್ಟರೆ ನಷ್ಟವೇನೂ ಇಲ್ಲ. ಬದುವಿನ ಮೇಲೆಯೇ ಮರ ಇದ್ದರೆ ಇಬ್ಬರ ಒಪ್ಪಿಗೆಯಿಂದ ಫಲವನ್ನು ಹಂಚಿಕೊಳ್ಳುವುದು ಹಳೆಯ ವಾಡಿಕೆ. ಎಷ್ಟೋ ಊರುಗಳಲ್ಲಿ ಬದುವಿನ ಹುಣಸೆಮರದಡಿಯಲ್ಲಿ ಎರಡು ಮನೆಯ ಹೆಂಗಸರೂ ಕೂತು ಹಣ್ಣು ಹಂಚಿಕೊಳ್ಳುತ್ತಾರೆ.

ಬೇಲಿಯೆಂಬುದೇ ಮನಸ್ಸುಗಳನ್ನು ಒಡೆಯುವ ವಸ್ತು, ಅದು ಇಲ್ಲದಿದ್ದರೆ ಜನ ಒಂದಾಗಿರುವರು ಎಂದು ಕೆಲವು ಆದರ್ಶವಾದಿಗಳು ಹೇಳುತ್ತಾರೆ. ಅವರ ಆಶಯಕ್ಕೆ ನನ್ನ ಗೌರವವಿದೆ. ಆದರೆ ಎಲ್ಲೆ ಸ್ಪಷ್ಟವಿಲ್ಲದ ಕಡೆಯಲ್ಲಿಯೇ ಸಂಶಯ ಬೆಳೆಯುವುದನ್ನು ನಾವು ಕಾಣುತ್ತಿದ್ದೇವೆ. ಕಾನೂನು ಇರುವಾಗ ನೆರೆಹೊರೆಯ ದಾಕ್ಷಿಣ್ಯವೇಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ಕಾನೂನು ವರ್ಷಕ್ಕೆ ಎರಡು ವಾಯಿದೆ ಕೊಡುತ್ತದೆ. ನಡುರಾತ್ರಿ ಹಾವು ಕಚ್ಚಿದಾಗ ಗಾಡಿ ಹೂಡಿ ಆಸ್ಪತ್ರೆಗೆ ಒಯ್ಯುವವನು ಪಕ್ಕದ ಹೊಲದವನು. ಯಾಜ್ಞವಲ್ಕ್ಯನು ಈ ಎರಡನ್ನೂ ಬಲ್ಲವನು. ಎಲ್ಲೆಯ ಕಟ್ಟುಪಾಡುಗಳನ್ನು ಹೇಳಿದ ಅವನೇ, ಇನ್ನೊಬ್ಬನ ನೆಲವನ್ನು ತುಸು ಹಿಡಿದರೂ ಸ್ವಲ್ಪ ಜಾಗದಲ್ಲಿ ಬಹಳ ನೀರು ಕೊಟ್ಟು ಉಪಕಾರವಾಗುವ ಬಾವಿಯನ್ನೂ, ಕಡಿಮೆ ತೊಂದರೆಯ ಒಡ್ಡನ್ನೂ ತಡೆಯಬಾರದೆನ್ನುತ್ತಾನೆ. ಎಲ್ಲೆಯೂ ಇರಬೇಕು, ಎಲ್ಲೆಯಾಚೆಗೆ ಹರಿಯುವ ನೀರಿಗೆ ಅಡ್ಡ ನಿಲ್ಲದ ಬುದ್ಧಿಯೂ ಇರಬೇಕು.

ಕೊನೆಯದಾಗಿ, ನಮ್ಮಂತಹ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ಬೇಸಗೆಯ ರಜಕ್ಕೆ ಊರಿಗೆ ಹೋದಾಗ ಹೊಲಗಳು ಬರಿದಾಗಿರುತ್ತವೆ. ಸ್ಮೃತಿಕಾರರು ಹೇಳಿದ ಕಾಲವೂ ಹೆಚ್ಚುಕಡಿಮೆ ಅದೇ. ಮನೆಯ ಪಹಣಿಯನ್ನೂ ನಕ್ಷೆಯನ್ನೂ ತೆಗೆಸಿ ಓದೋಣ. ತಂದೆಯವರನ್ನೂ ಪಕ್ಕದ ಹೊಲದ ದೊಡ್ಡಪ್ಪನನ್ನೂ ಜೊತೆಗೂಡಿಸಿಕೊಂಡು ಎಲ್ಲೆಯ ಸುತ್ತ ನಡೆಯೋಣ. ಇರುವ ಕಲ್ಲನ್ನು ಗುರುತುಮಾಡಿಕೊಂಡು, ಇಲ್ಲದ ಕಲ್ಲಿಗೆ ಇಬ್ಬರೂ ಸೇರಿ ಅರ್ಜಿ ಹಾಕಿ ಶುಲ್ಕವನ್ನು ಸಮವಾಗಿ ಹಂಚಿಕೊಳ್ಳುವಂತೆ ಹೇಳೋಣ. ಆಗಲೇ ದಾವೆ ನಡೆಯುತ್ತಿದ್ದರೆ ಲೋಕ ಅದಾಲತ್ತಿನ ಮಾರ್ಗವನ್ನು ತಿಳಿಸೋಣ. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳಿ ಬರುತ್ತದೆ. ಊರಿನಲ್ಲಿ ದಾರಿ ಕಳೆದುಕೊಂಡ, ಪೋಡಿಯಾಗದ, ಓದಲು ಬಾರದ ಮನೆಗಳಿದ್ದರೆ ಅವರ ಅರ್ಜಿಯನ್ನು ಮೊದಲು ಬರೆದುಕೊಡೋಣ. ಸರ್ಕಾರದ ಹಣದಿಂದ ನಡೆಯುವ ಕಾಲೇಜಿನಲ್ಲಿ ಓದಿದವರು ಊರಿಗೆ ತೀರಿಸಬೇಕಾದ ಋಣದಲ್ಲಿ ಇದು ಒಂದು ಸಣ್ಣ ಕಂತು.